ತಾರಸಿಯಿಂದ ಡ್ರೋನ್ ಹಾರಿಸಿದ್ದಕ್ಕೆ ಪಕ್ಕದ ಮನೆಯವರ ದೂರು, ಠಾಣೆಯಲ್ಲಿ ಮುಚ್ಚಳಿಕೆ: ನನ್ನ ತಪ್ಪು ಎಲ್ಲಿದೆ?

ಮೈಸೂರು ತಾರಸಿ ಬರೆದದ್ದು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ದಕ್ಷಿಣ ಭಾಗದ ಒಂದು ಬಡಾವಣೆಯಲ್ಲಿ ಹದಿನಾಲ್ಕು ವರ್ಷಗಳಿಂದ ಸ್ವಂತ ಮನೆಯಲ್ಲಿದ್ದೇನೆ. 2020ರಲ್ಲಿ ಕೊಂಡ 249 ಗ್ರಾಂ ತೂಕದ ಕ್ಯಾಮರಾ ಡ್ರೋನ್ ಒಂದು ನನ್ನ ಬಳಿ ಇದೆ. ಇದು ಹವ್ಯಾಸಕ್ಕೆ ಮಾತ್ರ. ಮದುವೆ ಮನೆಗಾಗಲಿ ಜಾಹೀರಾತಿಗಾಗಲಿ ಎಂದೂ ಹಾರಿಸಿಲ್ಲ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ನಮ್ಮ ಸೋಲಾರ್ ವಾಟರ್ ಹೀಟರ್‌ನ ಗಾಜಿನ ಕೊಳವೆ ಒಡೆದಿದೆಯೇ ಎಂದು ನೋಡಲು ಡ್ರೋನನ್ನು ತಾರಸಿಯಿಂದ ಮೇಲೆತ್ತಿದೆ. ಕೊಳವೆ ನೋಡಿ ಆದ ಮೇಲೆ, ಆಕಾಶ ತಿಳಿಯಾಗಿದೆ, ಚಾಮುಂಡಿ ಬೆಟ್ಟ ಚೆನ್ನಾಗಿ ಕಾಣಬಹುದು ಎಂದು ಇನ್ನೂ ಇಪ್ಪತ್ತು ಮೀಟರ್ ಏರಿಸಿ ಒಂದು ಸುತ್ತು ತಿರುಗಿಸಿದೆ. ಆ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ತಮ್ಮ ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟು, ಎಣ್ಣೆ ಸ್ನಾನ ಮುಗಿಸಿ, ಕೂದಲು ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತ ಕುಳಿತಿದ್ದರಂತೆ. ನನ್ನ ಕಣ್ಣು ಪರದೆಯ ಮೇಲಿತ್ತು, ಹಾಗಾಗಿ ನಾನು ಅವರನ್ನು ಗಮನಿಸಲೇ ಇಲ್ಲ. ಅವರ ಮಗ ಕೂಗಿದ್ದು ಕೇಳಿದ ತಕ್ಷಣ ಕೆಳಗಿಳಿಸಿದೆ. ಕೆಳಗೆ ಬಂದು ಮಾತನಾಡುವಷ್ಟರಲ್ಲಿ ಅವರು 112ಕ್ಕೆ ಕರೆ ಮಾಡಿಯಾಗಿತ್ತು.

ಇಪ್ಪತ್ತು ನಿಮಿಷದಲ್ಲಿ ಇಬ್ಬರು ಪೊಲೀಸರು ಬಂದರು. ಡ್ರೋನ್ ಹಾರಿಸಲು ಠಾಣೆಯ ಅನುಮತಿ ಎಲ್ಲಿ ಎಂದು ಕೇಳಿದರು. 250 ಗ್ರಾಂಗಿಂತ ಕಡಿಮೆ ಇದ್ದರೆ ಯಾವ ಅನುಮತಿಯೂ ಬೇಡ ಎಂದು ನಾನು ಹೇಳಿದೆ. ಈಗ ಯೋಚಿಸಿದರೆ, ಹೇಳಿದ ಧಾಟಿ ಸ್ವಲ್ಪ ಗಡಸಾಗಿಯೇ ಇತ್ತು. ಅವರು ಡ್ರೋನ್ ಮತ್ತು ರಿಮೋಟ್ ಎರಡನ್ನೂ ತೆಗೆದುಕೊಂಡು ಹೋದರು. ಸಂಜೆ ಠಾಣೆಯಲ್ಲಿ, ಇನ್ನು ಮುಂದೆ ವಸತಿ ಪ್ರದೇಶದಲ್ಲಿ ಹಾರಿಸುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡರು. ಮೂರು ದಿನದ ನಂತರ ವಸ್ತು ವಾಪಸು ಬಂತು, ಒಂದು ರೆಕ್ಕೆ ಮುರಿದಿತ್ತು. ನನ್ನ ಕೈಗೆ ಒಂದು ಚೀಟಿಯನ್ನೂ ಕೊಡಲಿಲ್ಲ.

ಕಾನೂನಿನ ಪ್ರಕಾರ ನಾನು ಸರಿ ಇದ್ದೇನೆಂದೇ ನನ್ನ ನಂಬಿಕೆ. ಆದರೆ ಪಕ್ಕದ ಮನೆಯವರು ಈಗ ಗೇಟಿನ ಬಳಿ ಎದುರಾದರೂ ಮುಖ ತಿರುಗಿಸುತ್ತಾರೆ. ಪೊಲೀಸರು ಮಾಡಿದ್ದು ಸರಿಯೇ, ನೆರೆಯವರೊಂದಿಗೆ ಇದನ್ನು ಹೇಗೆ ಬಗೆಹರಿಸಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ನಿಯಮಾವಳಿ ಓದುಗ ಬರೆದದ್ದು

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ‘250 ಗ್ರಾಂಗಿಂತ ಕಡಿಮೆ ಇದ್ದರೆ ಯಾವ ಅನುಮತಿಯೂ ಬೇಡ’ ಎಂಬ ಮಾತಿನಿಂದಲೇ ನಮ್ಮ ಹವ್ಯಾಸಿಗಳಲ್ಲಿ ಅರ್ಧದಷ್ಟು ಜನ ಸಿಕ್ಕಿಬೀಳುತ್ತಾರೆ, ಆದ್ದರಿಂದ ಮೊದಲು ಅದನ್ನೇ ನೋಡೋಣ.

ಈಗ ಜಾರಿಯಲ್ಲಿರುವುದು 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು. ಅವುಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅದರಿಂದ 2 ಕಿಲೋವರೆಗಿನದು ಮೈಕ್ರೋ. ನ್ಯಾನೋ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಡ, ಡ್ರೋನಿಗೆ ಮಾದರಿ ಪ್ರಮಾಣಪತ್ರ (ಆ ಮಾದರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂಬ ಪತ್ರ) ಬೇಡ, ಮೂರನೇ ವ್ಯಕ್ತಿಯ ವಿಮೆಯೂ ಕಡ್ಡಾಯವಲ್ಲ. ಇಷ್ಟೂ ನಿಜ. ಆದರೆ ಈ ವಿನಾಯಿತಿಗಳೆಲ್ಲ ಯಂತ್ರಕ್ಕೆ ಮತ್ತು ಹಾರಿಸುವವರಿಗೆ ಸಂಬಂಧಿಸಿದವು, ಜಾಗಕ್ಕೆ ಸಂಬಂಧಿಸಿದವಲ್ಲ. ಎಲ್ಲಿ ಹಾರಿಸಬಹುದು ಎಂಬ ಪ್ರಶ್ನೆಯಲ್ಲಿ 249 ಗ್ರಾಂನ ಡ್ರೋನಿಗೂ 20 ಕಿಲೋದ ಡ್ರೋನಿಗೂ ಒಂದೇ ನಕ್ಷೆ.

ಆ ನಕ್ಷೆಯನ್ನು 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈಯಲ್ಲಿ ಪ್ರಕಟಿಸಿದರು. ಹಸಿರು ವಲಯದಲ್ಲಿ ನೆಲದಿಂದ 400 ಅಡಿವರೆಗೆ, ಅಂದರೆ 120 ಮೀಟರ್‌ವರೆಗೆ, ಯಾರ ಅನುಮತಿಯೂ ಬೇಡ. ವಿಮಾನ ನಿಲ್ದಾಣದ ಆವರಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ನಡುವೆ ಈ ಮಿತಿ 200 ಅಡಿಗೆ ಇಳಿಯುತ್ತದೆ. 5ರಿಂದ 8 ಕಿಲೋಮೀಟರ್ ನಡುವಿನ ಪಟ್ಟಿ ನೆಲಮಟ್ಟದಿಂದಲೇ ಹಳದಿ ವಲಯವಾಗಿದ್ದು, ಅಲ್ಲಿ ಒಂದಡಿ ಎತ್ತುವುದಕ್ಕೂ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿಯೇ ಆಗಬೇಕು.

ನೀವು ಮೈಸೂರಿನ ದಕ್ಷಿಣ ಭಾಗ ಎಂದಿದ್ದೀರಿ. ಮಂಡಕಳ್ಳಿ ವಿಮಾನ ನಿಲ್ದಾಣ ಇರುವುದೂ ಅದೇ ದಿಕ್ಕಿಗೆ. ಮನೆಯ ಜಾಗವನ್ನು ನಕ್ಷೆಯ ಮೇಲಿಟ್ಟು ನೋಡಿದ್ದೀರಾ?

ಠಾಣೆಯ ಅನುಮತಿ ಎಂದು ಪೊಲೀಸರು ಕೇಳಿದ್ದು ಬಹುಶಃ ಹಳೆಯ ನೆನಪಿನಿಂದ. 2018ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಹಿಂದಿನ ವ್ಯವಸ್ಥೆಯಲ್ಲಿ, ಮೈಕ್ರೋ ಡ್ರೋನ್ ಹಾರಿಸುವವರು 24 ಗಂಟೆ ಮುಂಚಿತವಾಗಿ ಸ್ಥಳೀಯ ಠಾಣೆಗೆ ತಿಳಿಸಬೇಕಿತ್ತು, ನ್ಯಾನೋಗೆ 50 ಅಡಿಯ ಮಿತಿಯೂ ಇತ್ತು. ಈಗಿನ ನಿಯಮಗಳಲ್ಲಿ ಅವೆರಡೂ ಇಲ್ಲ. ಹಾಗಾಗಿ ಕೇಳಿದವರ ಪ್ರಶ್ನೆಯೂ ಹಳೆಯದು, ಕೊಟ್ಟವರ ಉತ್ತರವೂ ಅರ್ಧ ಆಯಿತು.

ಇನ್ನೊಂದು ಸಣ್ಣ ವಿಷಯ. ನಿಯಮ ಲೆಕ್ಕ ಹಾಕುವುದು ಹಾರುವ ಹೊತ್ತಿನ ಒಟ್ಟು ತೂಕವನ್ನು. 249 ಗ್ರಾಂನ ಡ್ರೋನಿಗೆ ರೆಕ್ಕೆಯ ರಕ್ಷಾಕವಚ ಸಿಕ್ಕಿಸಿದರೆ ಅಥವಾ ರಾತ್ರಿ ಕಾಣಲೆಂದು ಪುಟ್ಟ ದೀಪ ಅಂಟಿಸಿದರೆ ಅದು ಅಷ್ಟಕ್ಕೇ ಮೈಕ್ರೋ ಆಗುತ್ತದೆ, ಆಗ ಮಾದರಿ ಪ್ರಮಾಣಪತ್ರ, ವಿಮೆ ಎರಡೂ ಹಿಂದೆಯೇ ಬರುತ್ತವೆ. ಪಕ್ಕದಲ್ಲಿ ಮಕ್ಕಳಿದ್ದಾರೆ ಎಂದು ಕವಚ ಹಾಕಿಕೊಂಡವರು ಹೀಗೆ ನಿಯಮ ಮೀರಿದವರಾಗುತ್ತಾರೆ ಎಂಬುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ. ಆದರೂ ತಕ್ಕಡಿ ಹೇಳಿದ್ದೇ ಕೊನೆ ಮಾತು.

ಗರಿ ಬೆಂಗಳೂರು ಬರೆದದ್ದು

ಇಷ್ಟೆಲ್ಲ ಓದಿ ಯಾರು ಹಾರಿಸುತ್ತಾರೆ? ಬೆಂಗಳೂರಿನಲ್ಲಿ ದೇವನಹಳ್ಳಿ, ಎಚ್‌ಎಎಲ್, ಜಕ್ಕೂರು, ಯಲಹಂಕ ವಾಯುನೆಲೆ ಎಲ್ಲದರ ಸುತ್ತಲೂ ವೃತ್ತ ಎಳೆದರೆ ಊರಿನಲ್ಲಿ ನಮ್ಮ ಪಾಲಿಗೆ ಉಳಿಯುವ ಆಕಾಶವೇ ಸ್ವಲ್ಪ. ನನ್ನ ಪದ್ಧತಿ ಸರಳವಾದದ್ದು. ಬೆಳಗಿನ ಆರು ಗಂಟೆಗೆ ಹಾರಿಸಿ, ಹತ್ತು ನಿಮಿಷದಲ್ಲಿ ಇಳಿಸಿ, ಚೀಲಕ್ಕೆ ಹಾಕಿಕೊಂಡು ಹೊರಡುತ್ತೇನೆ. ಯಾರಾದರೂ ಕೇಳಿದರೆ ಮಾತಿಗೆ ನಿಲ್ಲುವುದಿಲ್ಲ.

ನಿವೃತ್ತ ಸಬ್‌ಇನ್‌ಸ್ಪೆಕ್ಟರ್, ಹಾಸನ ಬರೆದದ್ದು

ಮೇಲಿನ ಮಹನೀಯರ ಪದ್ಧತಿಯನ್ನು ದಯವಿಟ್ಟು ಯಾರೂ ಅನುಸರಿಸಬೇಡಿ. ಮಾತಿಗೆ ನಿಲ್ಲದೆ ಚೀಲ ಹೊತ್ತು ಹೊರಟವನನ್ನು ಕಂಡರೆ ಪೊಲೀಸನಿಗೆ ಬರುವ ಮೊದಲ ಯೋಚನೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಠಾಣೆಯ ಕಡೆಯಿಂದ ಇದು ಹೇಗೆ ಕಾಣುತ್ತದೆ ಎಂಬುದನ್ನು ಹೇಳುತ್ತೇನೆ. 112ಕ್ಕೆ ಬಂದ ಕರೆ ದಾಖಲಾಗುತ್ತದೆ, ಯಾರು ಎಷ್ಟು ಹೊತ್ತಿಗೆ ಹೋದರು, ಏನು ಮಾಡಿದರು ಎಂದು ವರದಿ ಹಾಕಿಯೇ ಅದನ್ನು ಮುಗಿಸಬೇಕು. ಹೋಗುವ ಇಬ್ಬರು ಹಿಂದಿನ ರಾತ್ರಿ ಗಸ್ತು ಮಾಡಿ ಬಂದವರಿರಬಹುದು. ಅವರಿಗೆ ನ್ಯಾನೋ, ಮೈಕ್ರೋ ಎಂಬ ವಿಂಗಡಣೆಯನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಆದರೆ 2021ರ ಜೂನ್‌ನಲ್ಲಿ ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನಿನಿಂದ ಸ್ಫೋಟಕ ಬಿದ್ದದ್ದು ಎಲ್ಲರಿಗೂ ನೆನಪಿದೆ. ಗಣ್ಯರ ಬಂದೋಬಸ್ತಿಗೆ ಹೋದಾಗಲೆಲ್ಲ ‘ಮೇಲೆ ಏನಾದರೂ ಹಾರಿದರೆ ನೀವೇ ಹೊಣೆ’ ಎಂದು ಮೇಲಧಿಕಾರಿಗಳು ಹೇಳಿರುತ್ತಾರೆ. ಅಂಥವರ ಎದುರು ನೀವು ‘ಯಾವ ಅನುಮತಿಯೂ ಬೇಡ’ ಎಂದು ಮುಗಿಸಿಬಿಟ್ಟರೆ, ವಸ್ತುವನ್ನು ಠಾಣೆಗೆ ಒಯ್ದು ಸಾಹೇಬರ ಮೇಜಿನ ಮೇಲಿಡುವುದೇ ಅವರಿಗೆ ಸುರಕ್ಷಿತವಾದ ದಾರಿ.

ಅವರು ಚೀಟಿ ಕೊಡದೆ ಒಯ್ದದ್ದು ತಪ್ಪು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಂಥ ಹೊತ್ತಿನಲ್ಲಿ ಏನು ಮಾಡಬಹುದಿತ್ತು ಎಂಬುದನ್ನು ಗಮನಿಸಿ. ಮೊದಲು ಡ್ರೋನನ್ನು ಇಳಿಸಿ ಬ್ಯಾಟರಿ ತೆಗೆದು ಪಕ್ಕಕ್ಕಿಡಬೇಕು. ರೆಕ್ಕೆ ತಿರುಗುತ್ತಿರುವಾಗ ಯಾರೊಂದಿಗೂ ವಾದ ಸಾಗುವುದಿಲ್ಲ. ಆ ದಿನದ ದಿನಾಂಕ ಕಾಣುವಂತೆ ವಲಯದ ನಕ್ಷೆಯ ಒಂದು ಚಿತ್ರ, ಕೊಂಡ ರಸೀತಿ, ಗುರುತಿನ ಚೀಟಿ ಇವು ಫೋನಿನಲ್ಲಿರುವುದಕ್ಕಿಂತ ಕಾಗದದ ಮೇಲಿರಲಿ. ಫೋನಿನಲ್ಲಿ ತೋರಿಸಿದ್ದು ಫೋನಿನೊಂದಿಗೇ ಹೋಗಿಬಿಡಬಹುದು. ನಮ್ಮ ಇಲಾಖೆಗೆ ಕಾಗದ ಕಂಡರೆ ಒಂದು ಸಮಾಧಾನ, ಇದನ್ನು ನಗುತ್ತಲೇ ಹೇಳುತ್ತಿದ್ದೇನೆ, ಆದರೆ ನಿಜ.

ಬಹಳ ಮುಖ್ಯವಾದ ಇನ್ನೊಂದು ಮಾತು. ಪೊಲೀಸರನ್ನು ಕಂಡ ತಕ್ಷಣ ಗಾಬರಿಯಿಂದ ವಿಡಿಯೋ ಅಳಿಸಬೇಡಿ. ತಪ್ಪೇನೂ ಇಲ್ಲದ ದೃಶ್ಯವನ್ನು ಅಳಿಸಿದರೂ ಸಾಕ್ಷ್ಯ ನಾಶ ಮಾಡಿದಂತೆ ಕಾಣುತ್ತದೆ. ಬದಲಾಗಿ ಅಲ್ಲೇ ನೋಡಿ ಎಂದು ನೀವಾಗಿಯೇ ತೋರಿಸಿ. ವಸ್ತುವನ್ನು ಒಯ್ಯುತ್ತೇವೆ ಎಂದರೆ ತಡೆಯಬೇಡಿ, ಎಳೆದಾಡಬೇಡಿ. ‘ಸರ್, ಮಹಜರು ಮಾಡಿ ಒಂದು ಪ್ರತಿ ಕೊಡಿ, ಅದಾಗದಿದ್ದರೆ ಸ್ವೀಕೃತಿಯನ್ನಾದರೂ ಬರೆದುಕೊಡಿ’ ಎಂದು ಎರಡು ಸಲ ಕೇಳಿ. ಎರಡನೆಯ ಸಲ ಕೇಳುವಾಗ ಸಾಕ್ಷಿಗೆ ಪಕ್ಕದವರೊಬ್ಬರು ನಿಂತಿರಲಿ.

ಹಬ್ಬ, ಜಾತ್ರೆ, ಗಣ್ಯರ ಭೇಟಿಯ ದಿನಗಳಲ್ಲಿ ಹಸಿರು ವಲಯವನ್ನೂ ನಂಬಬೇಡಿ. ಪೊಲೀಸ್ ವರಿಷ್ಠಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಒಂದು ಪ್ರದೇಶವನ್ನು ಒಂದು ಸಲಕ್ಕೆ 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಬಹುದು. ನಿನ್ನೆ ಸರಿ ಇದ್ದ ಮೈದಾನ ಇವತ್ತು ಸರಿ ಇರಲಿಕ್ಕಿಲ್ಲ. ಮೈಸೂರಿನವರು ದಸರೆಯ ಹೊತ್ತಿನಲ್ಲಿ ಡ್ರೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದೇ ಲೇಸು.

ಏಳನೇ ಮಹಡಿ ಬರೆದದ್ದು

ನಾನು ಡ್ರೋನ್ ಹಾರಿಸುವವಳಲ್ಲ. ದೂರು ಕೊಟ್ಟವಳು. ಆ ಕಡೆಯ ಮಾತೂ ಇಲ್ಲಿರಲಿ ಎಂದು ಬರೆಯುತ್ತಿದ್ದೇನೆ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ನಮ್ಮ ಮನೆ. ಎದುರಿಗೆ ಕಟ್ಟಡವಿಲ್ಲ ಎಂಬ ಒಂದೇ ಕಾರಣಕ್ಕೆ ಹೆಚ್ಚು ಹಣ ಕೊಟ್ಟು ಕೊಂಡ ಮನೆ. ಒಂದು ಸಂಜೆ ಬಾಲ್ಕನಿಯಲ್ಲಿ ನೈಟಿ ಹಾಕಿಕೊಂಡು ತುಳಸಿಗೆ ನೀರು ಹಾಕುತ್ತಿದ್ದಾಗ ಜೇನುಹುಳುಗಳ ಗುಂಪು ಬಂದಂತೆ ಸದ್ದಾಯಿತು. ತಲೆಯೆತ್ತಿದರೆ ಹದಿನೈದು ಅಡಿ ದೂರದಲ್ಲಿ, ನನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿ, ಅದು ಅಲುಗಾಡದೆ ನಿಂತಿತ್ತು. ಕೆಳಗೆ ಒಂದು ಪುಟ್ಟ ಗಾಜಿನ ಕಣ್ಣು. ನಾನು ಎಡಕ್ಕೆ ಸರಿದೆ. ಅದು ಕಾಕತಾಳೀಯವೋ ಏನೋ, ಅದೂ ಸ್ವಲ್ಪ ತಿರುಗಿತು. ನೀರಿನ ತಂಬಿಗೆ ಅಲ್ಲಿಯೇ ಬಿಟ್ಟು ಒಳಗೆ ಬಂದು ಪರದೆ ಎಳೆದೆ. ಮುಂದಿನ ಎರಡು ತಿಂಗಳು ಆ ಪರದೆ ತೆಗೆಯಲಿಲ್ಲ.

ಆಮೇಲೆ ತಿಳಿದದ್ದು, ಹತ್ತನೇ ತರಗತಿಯ ಹುಡುಗನೊಬ್ಬ ಹಕ್ಕಿಗೂಡು ನೋಡಲು ಹಾರಿಸಿದ್ದನಂತೆ. ಅವನ ಫೋನಿನಲ್ಲಿ ನನ್ನ ಚಿತ್ರ ಇರಲಿಲ್ಲ. ರೆಕಾರ್ಡಿಂಗ್ ಗುಂಡಿಯನ್ನು ಅವನು ಒತ್ತಿಯೇ ಇರಲಿಲ್ಲ. ಆದರೆ ಬಾಲ್ಕನಿಯಲ್ಲಿ ನಿಂತವಳಿಗೆ ಅದು ಹೇಗೆ ಗೊತ್ತಾಗಬೇಕು? ಎದುರು ಮನೆಯ ಕಿಟಕಿಯಲ್ಲಿ ಒಬ್ಬ ಮನುಷ್ಯ ನಿಂತು ನೋಡಿದರೆ ಅವನ ಮುಖ ನನಗೆ ಕಾಣುತ್ತದೆ, ಅವನನ್ನು ಗದರಿಸಬಹುದು, ಅವನ ತಾಯಿಗೆ ಹೇಳಬಹುದು. ಇಲ್ಲಿ ನೋಡುವವನು ಯಾರು, ಎಲ್ಲಿದ್ದಾನೆ, ನೋಡಿದ್ದನ್ನು ಏನು ಮಾಡುತ್ತಾನೆ ಎಂಬುದೊಂದೂ ಕಾಣುವುದಿಲ್ಲ. ನೀವೆಲ್ಲ ಗ್ರಾಂ, ಅಡಿ, ಕಿಲೋಮೀಟರ್ ಎಂದು ಬರೆದಿದ್ದೀರಿ. ದೂರು ಕೊಡುವವರು ಯಾರೂ ನಿಮ್ಮ ಡ್ರೋನಿನ ತೂಕ ಕೇಳುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರು ಹೋರಾಡಿದ್ದು ಆಧಾರ್ ವಿಷಯದಲ್ಲಿ, ಸರ್ಕಾರದ ವಿರುದ್ಧ. ಆದರೂ ಬಿಸಿಲಿಗೆ ಕೂದಲು ಒಣಗಿಸಿಕೊಳ್ಳುವ ಅಜ್ಜಿಗೆ ತನ್ನ ತಾರಸಿ ತನ್ನದೇ ಎಂಬ ಭಾವನೆ ಇರುವುದಕ್ಕೆ ಯಾವ ತೀರ್ಪೂ ಬೇಕಾಗಿಲ್ಲ.

ಮೈಸೂರಿನವರೇ, ನೀವು ಆ ಅಜ್ಜಿಯನ್ನು ಹೋಗಿ ಮಾತನಾಡಿಸಿದಿರಾ? ನಿಮ್ಮ ಬರಹದಲ್ಲಿ ಅವರ ಮಗ ಇದ್ದಾರೆ, ಪೊಲೀಸರಿದ್ದಾರೆ, ಮುರಿದ ರೆಕ್ಕೆಯೂ ಇದೆ.

ಮೈಸೂರು ತಾರಸಿ ಬರೆದದ್ದು

ಎರಡು ವಿಷಯ ಒಪ್ಪಿಕೊಳ್ಳಬೇಕಾಗಿದೆ. ಮೊದಲನೆಯದು, ನಕ್ಷೆ ನೋಡಿದೆ. ನಮ್ಮ ಮನೆ ನಿಲ್ದಾಣದ ಅಂಚಿನಿಂದ ಏಳು ಕಿಲೋಮೀಟರಿಗೂ ಒಳಗಿದೆ, ಪೂರ್ತಿ ಹಳದಿ. ಐದು ವರ್ಷ ನಾನು ಇಲ್ಲಿಂದ ಹಾರಿಸಿದ್ದೆಲ್ಲ ಅನುಮತಿಯಿಲ್ಲದೆಯೇ ಎಂದಾಯಿತು. ಪೊಲೀಸರ ಎದುರು ಅಷ್ಟು ಧೈರ್ಯವಾಗಿ ಮಾತನಾಡಿದ್ದನ್ನು ನೆನೆದರೆ ಈಗ ಮೈ ಬಿಸಿಯಾಗುತ್ತದೆ. ಎರಡನೆಯದು, ಇಲ್ಲ ಮೇಡಂ, ಅಜ್ಜಿಯನ್ನು ಮಾತನಾಡಿಸಿಲ್ಲ.

ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ನಾನು ತಪ್ಪು ಮಾಡಿದ್ದೇನೆಂದೇ ಇಟ್ಟುಕೊಂಡರೂ, ಕಾಗದವಿಲ್ಲದೆ ವಸ್ತು ಒಯ್ಯಬಹುದೇ? ಆ ಮುಚ್ಚಳಿಕೆಗೆ ಎಷ್ಟು ಬೆಲೆ?

ವಕೀಲರ ಕಚೇರಿ ಬರೆದದ್ದು

ಸಾಮಾನ್ಯ ತಿಳಿವಳಿಕೆಗಾಗಿ ಬರೆಯುತ್ತೇನೆ. ನಿಮ್ಮ ಪ್ರಕರಣಕ್ಕೆ ಸಲಹೆ ಬೇಕಾದರೆ ಕಾಗದಪತ್ರ ಹಿಡಿದು ನಿಮ್ಮೂರಿನ ವಕೀಲರನ್ನೇ ಕಾಣಬೇಕು.

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 106ನೇ ಕಲಂ ಪ್ರಕಾರ, ಅಪರಾಧ ನಡೆದಿದೆ ಎಂಬ ಸಂಶಯ ಹುಟ್ಟಿಸುವ ಸನ್ನಿವೇಶದಲ್ಲಿ ಸಿಕ್ಕ ವಸ್ತುವನ್ನು ಪೊಲೀಸರು ಜಪ್ತಿ ಮಾಡಬಹುದು. ಆದ್ದರಿಂದ ‘ಒಯ್ಯುವ ಅಧಿಕಾರವೇ ಇಲ್ಲ’ ಎಂದು ವಾದಿಸುವುದು ಸರಿಯಲ್ಲ. ಆದರೆ ಜಪ್ತಿಯನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು, ಮತ್ತು 105ನೇ ಕಲಂ ಪ್ರಕಾರ ಶೋಧನೆ, ಜಪ್ತಿ, ವಸ್ತುಗಳ ಪಟ್ಟಿ ಮಾಡುವಿಕೆ ಇವನ್ನು ಧ್ವನಿ ಸಹಿತ ವಿಡಿಯೋದಲ್ಲಿ ದಾಖಲಿಸಬೇಕು. ಇದು ಹೊಸ ಸಂಹಿತೆಯಲ್ಲಿ ಬಂದದ್ದು, ಎಲ್ಲರ ರೂಢಿಗೂ ಇನ್ನೂ ಇಳಿದಿಲ್ಲ. ಯಾವ ಪ್ರಕರಣವನ್ನೂ ದಾಖಲಿಸದೆ ಮೂರು ದಿನ ಇಟ್ಟುಕೊಂಡು ಹಿಂದಿರುಗಿಸಿದ್ದು ಜಪ್ತಿಯೂ ಅಲ್ಲ, ಸ್ವಇಚ್ಛೆಯಿಂದ ಒಪ್ಪಿಸಿದ್ದೂ ಅಲ್ಲ. ಪ್ರಕರಣ ದಾಖಲಾಗಿ ವಸ್ತು ಹಾಗೆಯೇ ಉಳಿದುಬಿಟ್ಟಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಬಿಡುಗಡೆಯ ಅರ್ಜಿ ಹಾಕುವುದು ಸರಿಯಾದ ದಾರಿ. ಬ್ಯಾಟರಿ ಉಬ್ಬುವವರೆಗೆ ಕಾಯಬೇಡಿ.

ಡ್ರೋನ್ ನಿಯಮಗಳ ಉಲ್ಲಂಘನೆಗೆ ಗರಿಷ್ಠ ಒಂದು ಲಕ್ಷ ರೂಪಾಯಿ ದಂಡವಿದೆ. ಅದು ನಿಮ್ಮ ಮಾತು ಹೇಳಿಕೊಳ್ಳಲು ಅವಕಾಶ ಕೊಟ್ಟ ನಂತರ ಅಧಿಕಾರ ಪಡೆದ ಅಧಿಕಾರಿ ವಿಧಿಸಬೇಕಾದದ್ದು. ರಸ್ತೆಯ ಮೇಲೆ ಹೆಲ್ಮೆಟ್ಟಿನ ದಂಡದಂತೆ ಸ್ಥಳದಲ್ಲೇ ಕಟ್ಟಿಸಿಕೊಳ್ಳುವಂಥದ್ದಲ್ಲ. ಹಾಗೆ ಕೇಳಿದರೆ ರಸೀತಿ ಕೇಳಿ.

ಖಾಸಗಿತನದ ವಿಷಯದಲ್ಲಿ ಜನ ಬಾಯಿಗೆ ಬಂದ ಕಲಂ ಹೇಳುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ದೇಹದ ಖಾಸಗಿ ಭಾಗಗಳ ಚಿತ್ರಕ್ಕೆ ಸಂಬಂಧಿಸಿದ್ದು. ಅದಕ್ಕೆ ಮೂರು ವರ್ಷಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ, ತನ್ನನ್ನು ಯಾರೂ ನೋಡುತ್ತಿಲ್ಲ ಎಂದು ಮಹಿಳೆ ಸಹಜವಾಗಿ ನಂಬಬಹುದಾದ ಸನ್ನಿವೇಶದಲ್ಲಿ ಆಕೆಯ ಖಾಸಗಿ ಕ್ರಿಯೆಯನ್ನು ನೋಡುವುದಕ್ಕೆ ಅಥವಾ ಸೆರೆಹಿಡಿಯುವುದಕ್ಕೆ ಅನ್ವಯಿಸುತ್ತದೆ. ತಾರಸಿಯಲ್ಲಿ ಕೂದಲು ಒಣಗಿಸುತ್ತಿದ್ದವರ ಮೇಲೆ ಡ್ರೋನ್ ಹಾದುಹೋದದ್ದು ಇವೆರಡರಲ್ಲೂ ಸುಲಭವಾಗಿ ಕೂರುವುದಿಲ್ಲ. ಆದರೆ ಬಚ್ಚಲ ಕಿಟಕಿಯ ಬಳಿ ಹತ್ತು ಸೆಕೆಂಡು ನಿಂತಿದ್ದರೆ ಮಾತೇ ಬೇರೆಯಾಗುತ್ತಿತ್ತು. ನಿರ್ಲಕ್ಷ್ಯದಿಂದ ಇತರರ ಜೀವಕ್ಕೆ ಅಪಾಯ ತರುವುದಕ್ಕೆ ನ್ಯಾಯ ಸಂಹಿತೆಯ 125ನೇ ಕಲಂ ಇದೆ, ಜನರ ತಲೆಯ ಮೇಲೆ ಹಾರಿಸುವವರು ಅದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಮುಚ್ಚಳಿಕೆ. ನೀವು ಸಹಿ ಹಾಕಿದ ಕಾಗದ ಠಾಣೆಯಲ್ಲಿದೆ. ಮುಂದಿನ ದೂರು ಬಂದ ದಿನ ಅದನ್ನೇ ಮೊದಲು ತೆಗೆಯುತ್ತಾರೆ. ಅದರ ಪ್ರತಿಗೆ, ಮತ್ತು ದೂರನ್ನು ಮುಕ್ತಾಯಗೊಳಿಸಿದ ಹಿಂಬರಹಕ್ಕೆ ಲಿಖಿತ ಅರ್ಜಿ ಕೊಡಿ. ರೆಕ್ಕೆಯ ವಿಷಯ ಅದರಲ್ಲಿ ಸೇರಿಸಬೇಡಿ. ನೀವು ಹಳದಿ ವಲಯದಲ್ಲಿದ್ದಿರಿ ಎಂಬುದನ್ನು ಅವರಿನ್ನೂ ಗಮನಿಸಿಲ್ಲ.

ತೀರ್ಥಹಳ್ಳಿ ತೋಟ ಬರೆದದ್ದು

ಹಳ್ಳಿಯಲ್ಲಿ ಈ ತೊಂದರೆ ಇಲ್ಲ ಎಂದು ಯಾರಾದರೂ ಭಾವಿಸಿದ್ದರೆ ನನ್ನ ಅನುಭವ ಕೇಳಿ. ನಮ್ಮಲ್ಲಿ ಡ್ರೋನ್ ಎಂದರೆ ಯಾರಿಗೂ ಕ್ಯಾಮರಾ ನೆನಪಾಗುವುದಿಲ್ಲ, ಸರ್ವೆ ನೆನಪಾಗುತ್ತದೆ. 2020ರಲ್ಲಿ ಸ್ವಾಮಿತ್ವ ಯೋಜನೆ ಶುರುವಾದಾಗ ಮೊದಲ ಹಂತಕ್ಕೆ ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, ಹಳ್ಳಿಯ ಮನೆಗಳ ಗಡಿಯನ್ನು ಡ್ರೋನಿನಿಂದಲೇ ಅಳೆಯುತ್ತಾರೆ ಎಂಬ ಸುದ್ದಿ ಎಲ್ಲೆಡೆ ಹರಡಿತು. ನಾನು ನಮ್ಮ ಅಡಿಕೆ ತೋಟದಲ್ಲಿ ಯಾವ ಮರದ ಸುಳಿ ಹಳದಿಯಾಗಿದೆ ಎಂದು ನೋಡಲು ಹಾರಿಸಿದ ಮಾರನೆಯ ದಿನವೇ ಪಕ್ಕದ ತೋಟದ ಹಿರಿಯರು ಪಹಣಿ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಅವರ ಬೇಲಿ ಸೊಪ್ಪಿನ ಬೆಟ್ಟದೊಳಗೆ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಜಾಗ) ಸ್ವಲ್ಪ ಸರಿದಿದೆ ಎಂಬುದು ಊರಿಗೆಲ್ಲ ಗೊತ್ತಿರುವ ವಿಷಯ. ನಾನು ಅದನ್ನೇ ಅಳೆದು ತಾಲ್ಲೂಕು ಕಚೇರಿಗೆ ಕೊಡುತ್ತೇನೆ ಎಂದು ಅವರಿಗೆ ಭಯ.

ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ರಿಮೋಟನ್ನೇ ಅವರ ಮುಂದಿಟ್ಟು, ಪರದೆ ನೋಡುತ್ತಿರಿ ಎಂದು ಮತ್ತೊಮ್ಮೆ ಹಾರಿಸಿದೆ. ಅವರ ತೋಟದಲ್ಲೇ ಎರಡು ಮರಗಳ ಸುಳಿ ಬಾಡಿದ್ದು ಅವರಿಗೇ ಮೊದಲು ಕಂಡಿತು. ಅಂದಿನಿಂದ ವರ್ಷಕ್ಕೆರಡು ಸಲ ಅವರೇ ಕರೆಯುತ್ತಾರೆ. ಬೇಲಿಯ ಕಡೆ ಮಾತ್ರ ಹಾರಿಸಬೇಡ ಎನ್ನುತ್ತಾರೆ. ನಾನೂ ಹಾರಿಸುವುದಿಲ್ಲ.

ಪೊಲೀಸರಿಗಿಂತ ನಮಗೆ ಹೆಜ್ಜೇನಿನ ಭಯ ಹೆಚ್ಚು. ಗೂಡಿನ ಹತ್ತಿರ ಡ್ರೋನ್ ಹೋಗಿ ಅವು ಎದ್ದರೆ, ಕೆಳಗೆ ಕೆಲಸ ಮಾಡುವವರ ಗತಿ ಏನು? ಆ ದೂರಿಗೆ ಯಾವ ಮುಚ್ಚಳಿಕೆಯೂ ಸಾಲುವುದಿಲ್ಲ.

ಇನ್ನೊಂದು ಎಚ್ಚರಿಕೆ ನಮ್ಮ ಜಿಲ್ಲೆಯವರಿಗೆ. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಶುರುವಾಗಿದೆ. ಅದಕ್ಕೂ ಮೊದಲು ಶಿವಮೊಗ್ಗದ ಸುತ್ತ ಹಾರಿಸುತ್ತಿದ್ದವರು ಹಳೆಯ ನೆನಪಿನ ಮೇಲೆಯೇ ಹೋಗಬಾರದು. ನಕ್ಷೆಯನ್ನು ಪ್ರತಿ ಸಲವೂ ಹೊಸದಾಗಿ ನೋಡಬೇಕು.

ಮೈಸೂರು ತಾರಸಿ ಬರೆದದ್ದು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಹಿಂಬರಹ ಸಿಕ್ಕಿತು, ಮೂರು ಸಲ ಅಲೆದ ಮೇಲೆ. ಎರಡೇ ಸಾಲು, ಕೆಳಗೆ ಮೊಹರು. ಠಾಣಾಧಿಕಾರಿಯವರು ಕೊಡುವಾಗ ‘ಬೆಟ್ಟ ನೋಡಬೇಕಾದರೆ ಬಸ್ ಹತ್ತಿ ಹೋಗಿ ಸ್ವಾಮಿ’ ಎಂದರು. ಉತ್ತರ ಕೊಡಲಿಲ್ಲ.

ಅದು ಕೈಗೆ ಬಂದ ದಿನ ಸಂಜೆ ಪಕ್ಕದ ಮನೆಗೆ ಹೋದೆ. ಮೆಮೊರಿ ಕಾರ್ಡನ್ನು ಅವರ ಟಿವಿಗೇ ಹಾಕಿ ಆ ದಿನದ ವಿಡಿಯೋ ಪೂರ್ತಿ ತೋರಿಸಿದೆ. ಏನೂ ಕಾಣುವುದಿಲ್ಲ, ಎಲ್ಲ ಚುಕ್ಕೆಯಷ್ಟೇ ಎಂದು ಮೊದಲೇ ಹೇಳಿದ್ದೆ. ನನ್ನ ಫೋನಿನ ಪರದೆಯಲ್ಲಿ ಹಾಗೆಯೇ ಕಂಡಿತ್ತು. ಅವರ ದೊಡ್ಡ ಟಿವಿಯಲ್ಲಿ, ಬೆಟ್ಟದ ಕಡೆ ತಿರುಗುವ ಮುನ್ನ ನಾಲ್ಕು ಸೆಕೆಂಡು, ಅಜ್ಜಿ ಸ್ಪಷ್ಟವಾಗಿ ಇದ್ದರು. ಬಿಚ್ಚಿದ ಬಿಳಿ ಕೂದಲು, ಮೇಲೆ ನೋಡಿ ಹಣೆಗೆ ಕೈ ಅಡ್ಡ ಹಿಡಿದದ್ದು, ಮತ್ತೊಂದು ಕೈಯಿಂದ ಸೆರಗು ಹುಡುಕಿದ್ದು. ಯಾರೂ ಮಾತನಾಡಲಿಲ್ಲ. ಅವರ ಮಗ ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದರು.

ಅಜ್ಜಿಯ ಮುಂದೆ ಕ್ಷಮೆ ಕೇಳಿದೆ. ಅವರ ಎದುರಿಗೇ ಆ ವಿಡಿಯೋ ಅಳಿಸಿದೆ, ಕಾರ್ಡನ್ನೂ ಅಲ್ಲಿಯೇ ಬಿಟ್ಟು ಬಂದೆ. ಅವರು ಹೆಚ್ಚೇನೂ ಹೇಳಲಿಲ್ಲ. ‘ಆ ಸದ್ದು ಬಂದಾಗ ಹದ್ದು ಸಂಡಿಗೆಗೆ ಬಂತೇನೋ ಅಂತ ನೋಡಿದೆ ಕಣಪ್ಪ’ ಎಂದರು. ಮಗ ಈಗ ಎದುರಾದರೆ ತಲೆಯಾಡಿಸುತ್ತಾರೆ. ಮಾತು ಇನ್ನೂ ಶುರುವಾಗಿಲ್ಲ.

ಇನ್ನು ಮನೆಯಿಂದ ಹಾರಿಸುವುದಿಲ್ಲ. ಇಲವಾಲದ ಕಡೆಯಾದರೂ ಹೋಗೋಣ ಎಂದಿದ್ದೇನೆ, ಅಲ್ಲಿ ಬಯಲು ಜಾಸ್ತಿ.

ನಿಯಮಾವಳಿ ಓದುಗ ಬರೆದದ್ದು

ಇಲವಾಲದ ಕಡೆ ಹೋಗುವ ಮುನ್ನ ದಯವಿಟ್ಟು ನಕ್ಷೆ ತೆರೆಯಿರಿ. ಅಲ್ಲೇ ಸಮೀಪದ ರತ್ನಹಳ್ಳಿಯಲ್ಲಿ ಅಣುಶಕ್ತಿ ಇಲಾಖೆಯ ಸ್ಥಾವರವಿದೆ. ಅಲ್ಲಿ ಸಿಕ್ಕಿಬಿದ್ದರೆ ಎರಡು ಸಾಲಿನ ಹಿಂಬರಹದಲ್ಲಿ ಮುಗಿಯುವುದಿಲ್ಲ. ಹಾಗೆಯೇ ಕೃಷ್ಣರಾಜಸಾಗರದ ಅಣೆಕಟ್ಟಿನ ಕಡೆಗೂ ಬೇಡ. ನಾಗರಹೊಳೆ, ಬಂಡೀಪುರ ಎಂದು ಮುಂದೆ ಹೊರಟರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಮೈಸೂರು ತಾರಸಿ ಬರೆದದ್ದು

ಸಮಯಕ್ಕೆ ಸರಿಯಾಗಿ ಹೇಳಿದಿರಿ, ಧನ್ಯವಾದ. ನಕ್ಷೆ ನೋಡಿ ದಿಕ್ಕು ಬದಲಿಸಿ, ಬನ್ನೂರಿನ ಕಡೆ ಗೆಳೆಯರೊಬ್ಬರ ಕೊಯ್ಲಾದ ಗದ್ದೆಗೆ ಹೋದೆ. ಪೂರ್ತಿ ಹಸಿರು ವಲಯ, ಸುತ್ತ ಒಂದು ಮನೆಯೂ ಇಲ್ಲ. ಹೊಸ ರೆಕ್ಕೆ ಹಾಕಿ ಮೂವತ್ತು ಮೀಟರ್ ಏರಿಸಿದ ಐದು ನಿಮಿಷಕ್ಕೆ ಬದುವಿನ ಆಚೆಯಿಂದ ಒಬ್ಬರು ಕೋಲು ಬೀಸುತ್ತ ಓಡಿ ಬಂದರು. ಅವರ ಕುರಿಗಳು ಸದ್ದಿಗೆ ಬೆದರಿ ಕಬ್ಬಿನ ಗದ್ದೆಯೊಳಗೆ ನುಗ್ಗಿದ್ದವು. ತಕ್ಷಣ ಇಳಿಸಿ, ಬ್ಯಾಟರಿ ತೆಗೆದು, ಎಲ್ಲ ಕುರಿಗಳೂ ಸಿಗುವವರೆಗೆ ಅವರೊಂದಿಗೆ ಕಬ್ಬಿನ ಸಾಲುಗಳಲ್ಲಿ ತಿರುಗಿದೆ.